ಹೋಮಿ ಭಾಭಾ ಮತ್ತು ಅಣುಬಾಂಬಿನ ತಕ್ಕಡಿ

ಹೋಮಿ ಜಹಾಂಗೀರ್ ಭಾಭಾ ಎಂಬ ಹೆಸರು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಭಾರತದ ಅಣುಶಕ್ತಿಯ ಪಿತಾಮಹ ಅಂತ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲಿನ ಉತ್ತರ ಇರುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಆ ಒಂದು ಸಾಲಿನ ಹಿಂದಿರುವ ಬದುಕನ್ನು ಬಿಡಿಸಿ ನೋಡಿದರೆ ಇವತ್ತಿಗೂ ಜಗತ್ತು ಉತ್ತರ ಹುಡುಕುತ್ತಿರುವ ಪ್ರಶ್ನೆಯೊಂದು ಅದರಲ್ಲಿ ಸಿಗುತ್ತದೆ. ಅಣುಬಾಂಬು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಬ್ಬುವುದನ್ನು ತಡೆಯಲು ಸಾಧ್ಯವೇ? ತಡೆಯುವುದಾದರೆ ಯಾರು ತಡೆಯಬೇಕು, ಯಾವ ಹಕ್ಕಿನಿಂದ? ಭಾಭಾ ಈ ಪ್ರಶ್ನೆಯ ಎರಡೂ ಬದಿಯಲ್ಲಿ ನಿಂತವರು. ಆದ್ದರಿಂದ ಈ ವಾರ ಅವರ ಜೀವನವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೈಸೂರಿನ ನಂಟು

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು ಮುಂಬಯಿಯ ಒಂದು ಪಾರ್ಸಿ ಕುಟುಂಬದಲ್ಲಿ. ಆದರೆ ಆ ಮನೆತನಕ್ಕೆ ನಮ್ಮ ರಾಜ್ಯದ ನಂಟು ಹಳೆಯದು. ಅವರ ಅಜ್ಜ ಹೊರ್ಮಸ್‌ಜೀ ಭಾಭಾ ಹಳೇ ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ತಂದೆ ಜಹಾಂಗೀರ್ ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡ್‌ನಲ್ಲಿ ಓದಿ, ವಕೀಲರಾದವರು. ತಂದೆಯ ತಂಗಿ ಮೆಹೆರ್‌ಬಾಯಿಯನ್ನು ಮದುವೆಯಾದವರು ದೊರಾಬ್‌ಜೀ ಟಾಟಾ. ಹೀಗೆ ಟಾಟಾ ಮನೆತನವೂ ಸಂಬಂಧಿಕರೇ ಆಯಿತು.

ಮುಂಬಯಿಯಲ್ಲಿ ಶಾಲೆ, ಕಾಲೇಜು ಮುಗಿಸಿ 1927ರಲ್ಲಿ ಹುಡುಗ ಕೇಂಬ್ರಿಡ್ಜ್‌ಗೆ ಹೋದ. ಎಂಜಿನಿಯರ್ ಆಗಿ ಬಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಸೇರಲಿ ಎಂಬುದು ಮನೆಯವರ ಆಸೆ. ಹುಡುಗನ ಮನಸ್ಸು ಮಾತ್ರ ಭೌತಶಾಸ್ತ್ರದ ಮೇಲೆ. ಕೊನೆಗೆ ತಂದೆ ಒಂದು ಷರತ್ತು ಹಾಕಿದರು: ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ತೆಗೆದರೆ ಮುಂದೆ ನಿನಗೆ ಬೇಕಾದ್ದನ್ನು ಓದು ಎಂದು. 1930ರಲ್ಲಿ ಪ್ರಥಮ ದರ್ಜೆ ಬಂತು, ದಾರಿ ತೆರೆಯಿತು. 1930ರ ದಶಕದ ಕೇಂಬ್ರಿಡ್ಜ್ ಅಂದರೆ ಅಣುವಿನ ಒಳಗುಟ್ಟು ಒಂದೊಂದಾಗಿ ಹೊರಬರುತ್ತಿದ್ದ ಜಾಗ. 1935ರಲ್ಲಿ ಡಾಕ್ಟರೇಟ್ ಪಡೆದ ಭಾಭಾ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಒಂದಕ್ಕೊಂದು ಢಿಕ್ಕಿಯಾದಾಗ ಏನಾಗುತ್ತದೆ ಎಂಬ ಲೆಕ್ಕ ಹಾಕಿದರು. ಇಂದಿಗೂ ವಿಜ್ಞಾನದಲ್ಲಿ ಅದಕ್ಕೆ ಅವರದೇ ಹೆಸರು.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು, ಹಿಂದೆ ಹೋಗಲು ಆಗಲಿಲ್ಲ. ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೀಡರ್ ಆಗಿ ಸೇರಿದರು. ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳ ಸಂಶೋಧನೆ ಅಲ್ಲಿ ನಡೆಯಿತು. 1941ರಲ್ಲಿ, ಇನ್ನೂ 31ರ ಪ್ರಾಯದಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಸಿಕ್ಕಿತು. ವಿದೇಶಕ್ಕೆ ಮರಳುವ ಯೋಚನೆ ಕರಗಿ, ಈ ದೇಶದಲ್ಲೇ ದೊಡ್ಡ ವಿಜ್ಞಾನ ಕಟ್ಟಬೇಕು ಎಂಬ ಹಠ ಬಂದದ್ದು ಬೆಂಗಳೂರಿನ ಆ ವರ್ಷಗಳಲ್ಲೇ.

1944ರ ಮಾರ್ಚ್‌ನಲ್ಲಿ ಅವರು ದೊರಾಬ್‌ಜೀ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಮುಂದೆ ಅಣುಶಕ್ತಿಯಿಂದ ವಿದ್ಯುತ್ ಮಾಡುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರದೇಶದ ಬಾಗಿಲು ತಟ್ಟಬಾರದು, ಅವರು ಇಲ್ಲೇ ತಯಾರಾಗಿರಬೇಕು, ಅದಕ್ಕೊಂದು ಸಂಸ್ಥೆ ಬೇಕು ಎಂಬುದು ಅದರ ಸಾರ. ಈ ಪತ್ರದ ತಾರೀಕು ಗಮನಿಸಬೇಕು. ಹಿರೋಷಿಮಾದ ಮೇಲೆ ಬಾಂಬು ಬಿದ್ದದ್ದು 1945ರ ಆಗಸ್ಟ್ 6ಕ್ಕೆ. ಅಂದರೆ ಜಗತ್ತಿಗೆ ಅಣುಬಾಂಬು ಎಂಬ ಶಬ್ದವೇ ಗೊತ್ತಿಲ್ಲದ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಕುಳಿತ ಒಬ್ಬರು ಅಣುವಿನ ವಿದ್ಯುತ್ತಿನ ಲೆಕ್ಕ ಹಾಕುತ್ತಿದ್ದರು. 1945ರಲ್ಲಿ ಬೆಂಗಳೂರಿನಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಶುರುವಾಗಿ, ಅದೇ ವರ್ಷ ಮುಂಬಯಿಗೆ ಹೋಯಿತು.

ಒಂದೇ ಒಲೆ, ಎರಡು ಅಡುಗೆ

ಇಲ್ಲಿ ಸ್ವಲ್ಪ ವಿಜ್ಞಾನ ತಿಳಿದುಕೊಂಡರೆ ಮುಂದಿನದ್ದು ಸುಲಭ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಒಡೆದು ಶಕ್ತಿ ಕೊಡುವ ಪಾಲು, ಅಂದರೆ ಯುರೇನಿಯಂ 235, ಸಾವಿರಕ್ಕೆ ಏಳರಷ್ಟು ಮಾತ್ರ. ಉಳಿದ ಹೆಚ್ಚುಕಮ್ಮಿ ಎಲ್ಲವೂ 238. ಬಾಂಬು ಮಾಡಲು ಎರಡು ದಾರಿ. ಒಂದೋ ಆ 235ರ ಪಾಲನ್ನು ಬೇರ್ಪಡಿಸಿ ಒಟ್ಟು ಮಾಡಬೇಕು. ಹಿರೋಷಿಮಾದ ಬಾಂಬು ಆ ಬಗೆಯದ್ದು. ಇಲ್ಲವೇ ರಿಯಾಕ್ಟರಿನಲ್ಲಿ ಯುರೇನಿಯಂ ಉರಿಸಬೇಕು. ಆಗ 238ರ ಒಂದು ಸಣ್ಣ ಭಾಗ ಪ್ಲುಟೋನಿಯಂ ಆಗಿ ಬದಲಾಗುತ್ತದೆ, ಅದನ್ನು ರಾಸಾಯನಿಕ ವಿಧಾನದಿಂದ ತೆಗೆಯಬಹುದು. ನಾಗಸಾಕಿಯ ಬಾಂಬು ಆ ಬಗೆಯದ್ದು, ಅದರಲ್ಲಿದ್ದ ಪ್ಲುಟೋನಿಯಂ ಸುಮಾರು 6 ಕಿಲೋ ಅಷ್ಟೇ.

ಅಂದರೆ ಕಷ್ಟ ಇರುವುದು ಇಲ್ಲಿ: ಸಂಶೋಧನೆಗೆ, ಕರೆಂಟಿಗೆ, ಆಸ್ಪತ್ರೆಯ ಔಷಧಿಗೆ ಅಂತ ಇಟ್ಟ ರಿಯಾಕ್ಟರಿನಲ್ಲೂ ಪ್ಲುಟೋನಿಯಂ ಹುಟ್ಟುತ್ತದೆ. ಒಲೆ ಒಂದೇ, ಅಡುಗೆ ಎರಡು. ಒಲೆ ಹಚ್ಚಿದವನ ಮನಸ್ಸಿನಲ್ಲಿ ಏನಿದೆ ಅಂತ ಹೊಗೆ ನೋಡಿ ಹೇಳಲು ಆಗುವುದಿಲ್ಲ.

ಈ ಮಾತು ನಮ್ಮ ದೇಶದಲ್ಲಿ ಮೊದಲೇ ಎದ್ದಿತ್ತು. 1948ರ ಏಪ್ರಿಲ್‌ನಲ್ಲಿ ಅಣುಶಕ್ತಿ ಮಸೂದೆ ಬಂದಾಗ, ಅದರಲ್ಲಿದ್ದ ಗುಟ್ಟಿನ ಕಲಮುಗಳ ಬಗ್ಗೆ ಪ್ರಶ್ನೆ ಎತ್ತಿದವರು ಮೈಸೂರಿನ ಸದಸ್ಯ ಎಸ್.ವಿ. ಕೃಷ್ಣಮೂರ್ತಿ ರಾವ್. ಇಂಗ್ಲೆಂಡಿನ ಕಾಯ್ದೆಯಲ್ಲೂ ಇಲ್ಲದಷ್ಟು ಗುಟ್ಟು ಶಾಂತಿಯ ಕೆಲಸಕ್ಕೆ ಯಾಕೆ ಬೇಕು ಎಂಬುದು ಅವರ ವಾದ. ಶಾಂತಿಯ ಬಳಕೆ ಮತ್ತು ಯುದ್ಧದ ಬಳಕೆಯ ನಡುವೆ ಗೆರೆ ಎಳೆಯುವುದು ಹೇಗೆಂದು ತನಗೂ ಗೊತ್ತಾಗುತ್ತಿಲ್ಲ ಅಂತ ನೆಹರೂ ಒಪ್ಪಿಕೊಂಡರು. ಮಸೂದೆ ಪಾಸಾಯಿತು. ಆಗಸ್ಟ್‌ನಲ್ಲಿ ಅಣುಶಕ್ತಿ ಆಯೋಗ ರಚನೆಯಾಗಿ ಭಾಭಾ ಅಧ್ಯಕ್ಷರಾದರು. ನೆಹರೂ ಜೊತೆ ಅವರದು ಎಷ್ಟು ಸಲಿಗೆ ಅಂದರೆ, ಪತ್ರಗಳಲ್ಲಿ ಪ್ರಧಾನಿಯನ್ನು ಭಾಯಿ ಅಂತ ಕರೆಯುತ್ತಿದ್ದರು.

ಸಾಲ ಕೊಡುವವರ ಕಾಲ

1953ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ಒಂದು ಯೋಜನೆ ಇಟ್ಟರು. ಅಣುವನ್ನು ಶಾಂತಿಗಾಗಿ ಬಳಸಲು ಬಡ ದೇಶಗಳಿಗೂ ಸಹಾಯ ಮಾಡೋಣ, ಅದನ್ನು ನೋಡಿಕೊಳ್ಳಲು ಒಂದು ಅಂತಾರಾಷ್ಟ್ರೀಯ ಸಂಸ್ಥೆ ಇರಲಿ ಎಂಬುದು ಆ ಯೋಜನೆ. 1955ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿಯವರೆಗೆ ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದ ಎಷ್ಟೋ ವಿಷಯಗಳನ್ನು ಅಮೆರಿಕ, ರಷ್ಯಾ, ಇಂಗ್ಲೆಂಡಿನವರು ಒಂದೇ ಸಭೆಯಲ್ಲಿ ಹೊರಗಿಟ್ಟರು. ಆ ಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತವರು ಭಾಭಾ. ಸ್ವಾತಂತ್ರ್ಯ ಬಂದು ಬರೀ ಎಂಟು ವರ್ಷ ಆಗಿದ್ದ ದೇಶಕ್ಕೆ ಇದು ಸಣ್ಣ ಗೌರವ ಅಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಉರಿಯಿತು. ಕಟ್ಟಿದ್ದು ನಮ್ಮವರು, ಇಂಧನ ಇಂಗ್ಲೆಂಡಿನದ್ದು. ಆಮೇಲೆ ಕೆನಡಾ ಕೊಟ್ಟ 40 ಮೆಗಾವ್ಯಾಟಿನ ಸೈರಸ್ ರಿಯಾಕ್ಟರ್ 1960ರ ಜುಲೈಯಲ್ಲಿ ಶುರುವಾಯಿತು. ಅದಕ್ಕೆ ಬೇಕಾದ ಭಾರಜಲ ಬಂದದ್ದು ಅಮೆರಿಕದಿಂದ. ಶಾಂತಿಯ ಉದ್ದೇಶಕ್ಕೆ ಮಾತ್ರ ಬಳಸುತ್ತೇವೆ ಎಂಬ ಮಾತು ಒಪ್ಪಂದದಲ್ಲಿತ್ತು. ಆದರೆ ಹೊರಗಿನವರು ಬಂದು ಪರಿಶೀಲಿಸುವ ಷರತ್ತು ಇರಲಿಲ್ಲ. ಮುಂದಿನ ಕಥೆಗೆಲ್ಲ ಈ ಒಂದು ಬಿಟ್ಟುಹೋದ ಷರತ್ತೇ ಮೂಲ.

ತಕ್ಕಡಿಯ ಜಗಳ

1956ರಲ್ಲಿ ನ್ಯೂಯಾರ್ಕಿನಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮಾವಳಿ ಬರೆಯಲು ದೇಶಗಳೆಲ್ಲ ಸೇರಿದವು. ಸಹಾಯ ಪಡೆದ ದೇಶದ ರಿಯಾಕ್ಟರಿಗೆ ಸಂಸ್ಥೆಯ ಇನ್‌ಸ್ಪೆಕ್ಟರುಗಳು ಹೋಗಿ ಲೆಕ್ಕ ನೋಡಬೇಕು, ಅಗತ್ಯಕ್ಕಿಂತ ಹೆಚ್ಚು ಪ್ಲುಟೋನಿಯಂ ಇದ್ದರೆ ಅದನ್ನು ಸಂಸ್ಥೆಯ ವಶಕ್ಕೆ ಒಪ್ಪಿಸಬೇಕು ಎಂಬ ಕಲಮುಗಳು ಕರಡಿನಲ್ಲಿದ್ದವು. ಇದನ್ನು ಗಟ್ಟಿಯಾಗಿ ವಿರೋಧಿಸಿದವರ ಮುಂಚೂಣಿಯಲ್ಲಿ ಇದ್ದವರು ಭಾಭಾ.

ಅವರ ವಾದ ಹೀಗಿತ್ತು. ಅಮೆರಿಕ, ರಷ್ಯಾ, ಇಂಗ್ಲೆಂಡ್ ಯಾರ ಸಹಾಯವನ್ನೂ ಕೇಳುವುದಿಲ್ಲ. ಹಾಗಾಗಿ ಅವರ ಕಾರ್ಖಾನೆಗೆ ಯಾವ ಇನ್‌ಸ್ಪೆಕ್ಟರೂ ಹೋಗುವುದಿಲ್ಲ. ಅಲ್ಲಿ ಬಾಂಬುಗಳು ರಾಶಿ ಬಿದ್ದಿರುತ್ತವೆ. ಸಹಾಯ ಕೇಳುವ ಬಡ ದೇಶದ ಒಂದೊಂದು ಗ್ರಾಮಿಗೂ ಮಾತ್ರ ಲೆಕ್ಕ. ಇದರಿಂದ ಲೋಕ ಎರಡು ಪಾಲಾಗುತ್ತದೆ, ಕೇಳುವ ಅಧಿಕಾರ ಇರುವವರು ಮತ್ತು ಉತ್ತರ ಕೊಡಬೇಕಾದವರು ಅಂತ. ನಮ್ಮ ಮುಂದಿನ ಕಾಲದ ವಿದ್ಯುತ್ತಿಗೆ ಪ್ಲುಟೋನಿಯಂ ಬೇಕು, ಅದನ್ನು ಬೇರೆಯವರ ಕೈಗೆ ಕೊಟ್ಟರೆ ನಮ್ಮ ಆರ್ಥಿಕತೆಯ ಜುಟ್ಟು ಅವರ ಕೈಯಲ್ಲಿ ಎಂಬುದೂ ಅವರ ಚಿಂತೆಯಾಗಿತ್ತು. ಕೇರಳದ ಕಡಲತೀರದ ಮರಳಿನಲ್ಲಿರುವ ಥೋರಿಯಂ ಬಳಸಲು ಅವರು ಹಾಕಿದ್ದ ಮೂರು ಹಂತದ ಯೋಜನೆಯಲ್ಲಿ ಎರಡನೇ ಹಂತಕ್ಕೆ ಪ್ಲುಟೋನಿಯಂ ಬೇಕಾಗಿತ್ತು. ಹಾಗಾಗಿ ಈ ಮಾತು ಬರೀ ನೆಪ ಅಂತ ತಳ್ಳಿಹಾಕುವಂತೆಯೂ ಇಲ್ಲ.

ಕೊನೆಗೆ ರಾಜಿಯಾಯಿತು. ಪರಿಶೀಲನೆಯ ಕಲಮು ಉಳಿಯಿತು, ಪ್ಲುಟೋನಿಯಂನ ಕಲಮು ಸಡಿಲವಾಯಿತು. 1957ರಲ್ಲಿ ಸಂಸ್ಥೆ ಹುಟ್ಟಿತು, ಕಚೇರಿ ವಿಯೆನ್ನಾದಲ್ಲಿ ನಿಂತಿತು.

ನಮ್ಮ ಬ್ಯಾರಿಗಳು ವ್ಯಾಪಾರದ ಜನ. ತೂಕ ಮತ್ತು ಅಳತೆ ಇಲಾಖೆಯವರು ಬಂದು ತಕ್ಕಡಿಗೆ ಮುದ್ರೆ ಒತ್ತುವುದು ನಮಗೆ ಹೊಸತಲ್ಲ. ಪೇಟೆಯ ನಾಲ್ಕು ದೊಡ್ಡ ಅಂಗಡಿಗಳನ್ನು ಬಿಟ್ಟು ಮೂಲೆಯ ಗೂಡಂಗಡಿಯವನ ತಕ್ಕಡಿ ಮಾತ್ರ ನೋಡುತ್ತೇವೆ ಅಂತ ಯಾರಾದರೂ ಬಂದರೆ ಆ ಗೂಡಂಗಡಿಯವನಿಗೆ ಎಷ್ಟು ಕೋಪ ಬಂದೀತೋ, ಭಾಭಾ ಅವರಿಗೂ ಅಷ್ಟೇ ಬಂದಿತ್ತು ಅಂತ ತಿಳಿದರೆ ಸಾಕು.

ಚೀನಾದ ಬಾಂಬು

ಇತ್ತ ಟ್ರಾಂಬೆಯಲ್ಲಿ, ಸೈರಸ್‌ನಲ್ಲಿ ಉರಿದ ಇಂಧನದಿಂದ ಪ್ಲುಟೋನಿಯಂ ತೆಗೆಯುವ ಘಟಕವನ್ನು ನಮ್ಮವರೇ ಕಟ್ಟಿದರು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಅದನ್ನು ಉದ್ಘಾಟಿಸಿದರು. ಆಗ ಈ ವಿದ್ಯೆ ಕೈಯಲ್ಲಿದ್ದ ದೇಶಗಳು ಬೆರಳೆಣಿಕೆಯಷ್ಟು.

ಅದಕ್ಕೆ ಮೊದಲೇ ಎರಡು ಘಟನೆ ನಡೆದಿದ್ದವು. 1964ರ ಮೇ 27ರಂದು ನೆಹರೂ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 16ರಂದು ಚೀನಾ ತನ್ನ ಮೊದಲ ಅಣುಬಾಂಬು ಸಿಡಿಸಿತು. ಎರಡು ವರ್ಷದ ಹಿಂದಷ್ಟೇ ಚೀನಾ ಜೊತೆಗಿನ ಯುದ್ಧದಲ್ಲಿ ಸೋತಿದ್ದ ದೇಶ ನಮ್ಮದು. ಜನ ಹೆದರಿದ್ದು ಸಹಜ.

ಚೀನಾದ ಸ್ಫೋಟ ಆಗಿ ಎಂಟೇ ದಿನಕ್ಕೆ, ವಿಶ್ವಸಂಸ್ಥೆಯ ದಿನದಂದು ಭಾಭಾ ಆಕಾಶವಾಣಿಯಲ್ಲಿ ಮಾತಾಡಿದರು. ವಿಷಯ ನಿಶ್ಶಸ್ತ್ರೀಕರಣ. ಲೋಕದಿಂದ ಅಣುಬಾಂಬು ಹೋಗಬೇಕು, ಅದಕ್ಕೆ ದೊಡ್ಡ ದೇಶಗಳು ಮೊದಲು ಮುಂದೆ ಬರಬೇಕು ಎಂಬುದು ಅವರ ಮಾತಿನ ಒಂದು ಭಾಗ. ಅದರ ಜೊತೆಗೆ ಬಾಂಬಿನ ಬೆಲೆಯನ್ನೂ ಹೇಳಿದರು. ಅಮೆರಿಕದವರು ಪ್ರಕಟಿಸಿದ್ದ ಲೆಕ್ಕವನ್ನು ಇಟ್ಟುಕೊಂಡು, ಒಂದು ಸಣ್ಣ ಬಾಂಬಿಗೆ 17.5 ಲಕ್ಷ ರೂಪಾಯಿ, ಐವತ್ತು ಬಾಂಬಿಗೆ ಹತ್ತು ಕೋಟಿಗಿಂತ ಕಡಿಮೆ ಅಂತ ವಿವರಿಸಿದರು. ಕೇಳಿದವರಲ್ಲಿ ಹೆಚ್ಚಿನವರಿಗೆ ಮೊದಲನೇ ಭಾಗ ಮರೆತುಹೋಯಿತು, ಎರಡನೆಯದು ನೆನಪಿನಲ್ಲಿ ಉಳಿಯಿತು. ಇಷ್ಟು ಅಗ್ಗಕ್ಕೆ ಸಿಗುವುದಾದರೆ ಯಾಕೆ ಬೇಡ ಅಂತ ಸಂಸತ್ತಿನಲ್ಲಿ ಗದ್ದಲವಾಯಿತು. ಆ ಲೆಕ್ಕದಲ್ಲಿ ರಿಯಾಕ್ಟರಿನ ಖರ್ಚು, ಪ್ಲುಟೋನಿಯಂ ಘಟಕದ ಖರ್ಚು, ಬಾಂಬು ಹೊತ್ತು ಹೋಗುವ ವಿಮಾನದ ಖರ್ಚು ಒಂದೂ ಸೇರಿರಲಿಲ್ಲ ಅಂತ ವಿರೋಧಿಸಿದವರು ಹೇಳಿದರು. ಅದು ಸರಿಯಾದ ಮಾತೇ.

ಅದೇ ವರ್ಷದ ಆರಂಭದಲ್ಲಿ ಉದಯಪುರದಲ್ಲಿ ನಡೆದ ಪಗ್‌ವಾಶ್ ವಿಜ್ಞಾನಿಗಳ ಸಮ್ಮೇಳನದಲ್ಲೂ ಭಾಭಾ ಒಂದು ವಿಚಾರ ಮಂಡಿಸಿದ್ದರು. ಸಾಕಷ್ಟು ಅಣುಬಾಂಬು ಕೈಯಲ್ಲಿದ್ದರೆ ಸಣ್ಣ ದೇಶ ಕೂಡ ದೊಡ್ಡ ದೇಶವನ್ನು ತಡೆದು ನಿಲ್ಲಿಸಬಹುದು ಎಂಬ ತರ್ಕ ಅದು. ಬಾಂಬು ಹಬ್ಬುವುದರ ಗುಟ್ಟು ಈ ತರ್ಕದಲ್ಲೇ ಇದೆ. ಒಬ್ಬನಿಗೆ ಭದ್ರತೆ ಅನಿಸಿದ್ದು ಅವನ ನೆರೆಯವನಿಗೆ ಭಯ ಅನಿಸುತ್ತದೆ. ಅಮೆರಿಕಕ್ಕೆ ಹೆದರಿ ರಷ್ಯಾ ಮಾಡಿತು, ಅವರಿಬ್ಬರಿಗೆ ಹೆದರಿ ಚೀನಾ, ಚೀನಾಕ್ಕೆ ಹೆದರಿ ಭಾರತ, ಭಾರತಕ್ಕೆ ಹೆದರಿ ಪಾಕಿಸ್ತಾನ. ಸರಪಳಿಯ ಯಾವ ಕೊಂಡಿಯಲ್ಲಿ ಕೇಳಿದರೂ ನಾವು ಹೆದರಿ ಮಾಡಿದ್ದು ಎಂಬ ಉತ್ತರವೇ ಸಿಗುತ್ತದೆ.

ಶಾಸ್ತ್ರಿಯವರು ಬಾಂಬು ಬೇಡ ಎಂದೇ ನಿಂತರು. ಆದರೆ ಒತ್ತಡ ಜಾಸ್ತಿಯಾದಾಗ, ಬೆಟ್ಟ ಒಡೆಯುವುದು, ಸುರಂಗ ತೋಡುವುದು ಮುಂತಾದ ಶಾಂತಿಯ ಕೆಲಸಕ್ಕೆ ಅಣುಸ್ಫೋಟದ ಅಧ್ಯಯನ ಮಾಡಬಹುದು ಅಂತ ಭಾಭಾಗೆ ಒಪ್ಪಿಗೆ ಕೊಟ್ಟರು. ಬಾಗಿಲು ಪೂರ್ತಿ ತೆರೆಯಲಿಲ್ಲ, ಪೂರ್ತಿ ಮುಚ್ಚಲೂ ಇಲ್ಲ.

ಹಿಮಪರ್ವತದಲ್ಲಿ ಕೊನೆ

1966ರ ಜನವರಿ 11ರಂದು ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು. ಹದಿಮೂರು ದಿನ ಕಳೆದು, ಜನವರಿ 24ರಂದು ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. ಅದೇ ದಿನ ಬೆಳಿಗ್ಗೆ ಏರ್ ಇಂಡಿಯಾದ ಕಾಂಚನಜಂಗಾ ಎಂಬ ವಿಮಾನ ಯುರೋಪಿನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಭಾಭಾ ಒಬ್ಬರು. 56 ವರ್ಷ ಪ್ರಾಯ. ಅವರು ಹೊರಟಿದ್ದು ವಿಯೆನ್ನಾಕ್ಕೆ, ಅದೇ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ. ಅದರ ನಿಯಮಗಳ ಜೊತೆ ಜಗಳವಾಡಿದರೂ ಆ ಸಂಸ್ಥೆಯನ್ನು ಅವರು ಬಿಟ್ಟಿರಲಿಲ್ಲ.

ಭಾಭಾ ಮದುವೆಯಾಗಲಿಲ್ಲ. ಚಿತ್ರ ಬಿಡಿಸುತ್ತಿದ್ದರು, ಪಾಶ್ಚಾತ್ಯ ಸಂಗೀತದ ಹುಚ್ಚು ಇತ್ತು, ಕಟ್ಟಡ ಕಟ್ಟುವಾಗ ಮರ ಕಡಿಯಲು ಬಿಡುತ್ತಿರಲಿಲ್ಲ. ಟಾಟಾ ಸಂಸ್ಥೆಯ ಗೋಡೆಯ ದೊಡ್ಡ ಚಿತ್ರಕ್ಕೆ ಆಯ್ಕೆಯಾದವರು ಎಂ.ಎಫ್. ಹುಸೇನ್. ಅವರು ಕಟ್ಟಿದ ಟ್ರಾಂಬೆ ಕೇಂದ್ರಕ್ಕೆ 1967ರಲ್ಲಿ ಅವರದೇ ಹೆಸರು ಇಡಲಾಯಿತು.

ಅವರ ನಂತರ

1968ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಸಹಿಗೆ ಬಂತು. 1967ರ ಜನವರಿ 1ಕ್ಕೆ ಮೊದಲು ಬಾಂಬು ಸಿಡಿಸಿದ ಐದು ದೇಶಗಳು ಬಾಂಬು ಇಟ್ಟುಕೊಳ್ಳಬಹುದು, ಉಳಿದವರು ಮಾಡಬಾರದು. ಬದಲಿಗೆ ಉಳಿದವರಿಗೆ ಶಾಂತಿಯ ಅಣುಶಕ್ತಿಗೆ ಸಹಾಯ, ಮತ್ತು ಐವರು ಬಾಂಬು ಕಡಿಮೆ ಮಾಡುವ ಕಡೆಗೆ ಪ್ರಾಮಾಣಿಕವಾಗಿ ಮಾತುಕತೆ ನಡೆಸುತ್ತೇವೆ ಎಂಬ ಭರವಸೆ. ಇದು ಸಮಾನವಲ್ಲ ಅಂತ ಭಾರತ ಸಹಿ ಹಾಕಲಿಲ್ಲ. ಭಾಭಾ ಹನ್ನೆರಡು ವರ್ಷ ಮೊದಲು ಹೇಳಿದ್ದೂ ಅದನ್ನೇ.

1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ನೆಲದಡಿ ಸ್ಫೋಟವಾಯಿತು. ಅದರ ಮುಂದಾಳುಗಳಲ್ಲಿ ಒಬ್ಬರು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಭಾಭಾ ಬೆಳೆಸಿದ ವಿಜ್ಞಾನಿ. ಪ್ಲುಟೋನಿಯಂ ಬಂದದ್ದು ಸೈರಸ್‌ನಿಂದ. ಇದು ಶಾಂತಿಯ ಸ್ಫೋಟ ಅಂತ ಸರಕಾರ ಹೇಳಿತು. ಕೆನಡಾದವರು ಒಪ್ಪಲಿಲ್ಲ, ಸಂಬಂಧ ಕಡಿದರು. ಆಮೇಲೆ ಅಣು ಸಾಮಗ್ರಿ ಮಾರುವ ದೇಶಗಳೆಲ್ಲ ಸೇರಿ ಒಂದು ಗುಂಪು ಕಟ್ಟಿಕೊಂಡು, ಯಾರಿಗೆ ಏನು ಮಾರಬೇಕು ಎಂಬ ನಿಯಮ ಮಾಡಿದವು. 1998ರ ಮೇಯಲ್ಲಿ ಭಾರತ ಮತ್ತೆ ಪರೀಕ್ಷೆ ಮಾಡಿತು. ತಿಂಗಳು ಮುಗಿಯುವ ಮೊದಲೇ ಪಾಕಿಸ್ತಾನವೂ ಮಾಡಿತು.

2008ರಲ್ಲಿ ಅಮೆರಿಕದ ಜೊತೆಗಿನ ಒಪ್ಪಂದದಿಂದ ಮಾರುವವರ ಗುಂಪು ಭಾರತಕ್ಕೆ ರಿಯಾಯಿತಿ ಕೊಟ್ಟಿತು. ಅದಕ್ಕಾಗಿ ನಮ್ಮ ರಿಯಾಕ್ಟರುಗಳನ್ನು ಎರಡು ಪಟ್ಟಿ ಮಾಡಲಾಯಿತು, ವಿಯೆನ್ನಾದವರು ಬಂದು ನೋಡಬಹುದಾದದ್ದು ಮತ್ತು ನೋಡಬಾರದ್ದು ಅಂತ. ನಮ್ಮ ಉತ್ತರ ಕನ್ನಡದ ಕೈಗಾದ ನಾಲ್ಕು ಘಟಕಗಳು ಎರಡನೇ ಪಟ್ಟಿಯಲ್ಲಿವೆ. ಮನೆಗೆ ಕರೆಂಟು ಕೊಡುವ ಸ್ಥಾವರವೇ ಆದರೂ ಲೆಕ್ಕ ಹೊರಗಿನವರಿಗೆ ಇಲ್ಲ. ಸೈರಸ್ ಅನ್ನು 2010ರ ಕೊನೆಯ ದಿನ ಶಾಶ್ವತವಾಗಿ ಆರಿಸಲಾಯಿತು.

ಹಾಗಾದರೆ ತಡೆಯಬಹುದೇ?

ಎರಡೂ ಬದಿಯ ಲೆಕ್ಕ ನೋಡೋಣ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, 1970ರ ದಶಕಕ್ಕೆ 15ರಿಂದ 25 ದೇಶಗಳ ಕೈಯಲ್ಲಿ ಬಾಂಬು ಇರಬಹುದು ಅಂತ ಭಯಪಟ್ಟಿದ್ದರು. ಅರವತ್ತು ವರ್ಷ ಕಳೆದರೂ ಇವತ್ತು ಇರುವುದು ಒಂಬತ್ತು ದೇಶಗಳಲ್ಲಿ. ದಕ್ಷಿಣ ಆಫ್ರಿಕಾ ತಾನೇ ಮಾಡಿದ್ದ ಆರು ಬಾಂಬುಗಳನ್ನು ತಾನೇ ಬಿಚ್ಚಿಹಾಕಿ 1991ರಲ್ಲಿ ಒಪ್ಪಂದಕ್ಕೆ ಸೇರಿತು. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನ್, ಕಝಾಕಿಸ್ತಾನ್, ಬೆಲಾರುಸ್ ತಮ್ಮ ನೆಲದಲ್ಲಿದ್ದ ಬಾಂಬುಗಳನ್ನು ರಷ್ಯಾಕ್ಕೆ ಒಪ್ಪಿಸಿದವು. 1980ರ ದಶಕದ ಮಧ್ಯದಲ್ಲಿ ಸುಮಾರು 70,000 ಇದ್ದ ಬಾಂಬುಗಳು ಈಗ ಸುಮಾರು 12,000ಕ್ಕೆ ಇಳಿದಿವೆ. ಹಾಗಾಗಿ ಏನೂ ಮಾಡಲು ಸಾಧ್ಯವಿಲ್ಲ ಅನ್ನುವುದು ಸುಳ್ಳು.

ಇನ್ನೊಂದು ಬದಿಯೂ ಇದೆ. ಉತ್ತರ ಕೊರಿಯಾ ಒಪ್ಪಂದದಲ್ಲಿದ್ದು, 2003ರಲ್ಲಿ ಹೊರಗೆ ಹೋಗಿ, 2006ರಲ್ಲಿ ಬಾಂಬು ಸಿಡಿಸಿತು. ಒಪ್ಪಂದಕ್ಕೆ ಸೇರದ ಇಸ್ರೇಲ್ ಇದೆ ಅಂತಲೂ ಹೇಳುವುದಿಲ್ಲ, ಇಲ್ಲ ಅಂತಲೂ ಹೇಳುವುದಿಲ್ಲ. ಬಾಂಬು ಒಪ್ಪಿಸಿದ ಉಕ್ರೇನಿಗೆ ಆಮೇಲೆ ಏನಾಯಿತು ಎಂಬುದನ್ನು ಎಲ್ಲರೂ ನೋಡುತ್ತಿದ್ದಾರೆ. ಐದು ದೊಡ್ಡವರು 1968ರಲ್ಲಿ ಕೊಟ್ಟ ಭರವಸೆ ಇನ್ನೂ ಪೂರ್ತಿಯಾಗಿಲ್ಲ.

ಭಾಭಾ ಅವರ ಬದುಕಿನಿಂದ ನಮಗೆ ತಿಳಿಯುವುದು ಇಷ್ಟು. ವಿದ್ಯೆಗೆ ಬೀಗ ಹಾಕಲು ಆಗುವುದಿಲ್ಲ. ಕೇಂಬ್ರಿಡ್ಜ್‌ನಲ್ಲಿ ಕಲಿತದ್ದು ಬೆಂಗಳೂರಿಗೆ ಬರುತ್ತದೆ, ಟ್ರಾಂಬೆಗೆ ಹೋಗುತ್ತದೆ. ಆದರೆ ಪ್ಲುಟೋನಿಯಂ ಎಂಬುದು ತೂಕ ಇರುವ ವಸ್ತು. ಅದನ್ನು ಅಳೆಯಬಹುದು, ಲೆಕ್ಕ ಇಡಬಹುದು, ಕಡಿಮೆ ಬಂದರೆ ಕೇಳಬಹುದು. ಸೈರಸ್‌ನ ಒಪ್ಪಂದದಲ್ಲಿ ಇಲ್ಲದೇ ಹೋದದ್ದು ಅದೇ. ಬರೀ ಮಾತಿನ ಮೇಲೆ ಬಿಟ್ಟರೆ, ಶಾಂತಿ ಎಂಬ ಶಬ್ದಕ್ಕೆ ಪ್ರತಿಯೊಬ್ಬರೂ ತಮಗೆ ಬೇಕಾದ ಅರ್ಥ ಕೊಡುತ್ತಾರೆ.

ಭಾಭಾ ಎತ್ತಿದ ಆಕ್ಷೇಪ ನ್ಯಾಯವಾದದ್ದು. ದೊಡ್ಡ ಅಂಗಡಿಯ ತಕ್ಕಡಿ ಯಾರೂ ನೋಡುವುದಿಲ್ಲ, ಇದು ಇವತ್ತಿಗೂ ಸತ್ಯ. ಆದರೆ ಅದಕ್ಕೆ ಪರಿಹಾರ ನನ್ನ ತಕ್ಕಡಿಗೂ ಮುದ್ರೆ ಬೇಡ ಎಂಬುದಲ್ಲ. ಹಾಗೆ ಎಲ್ಲರೂ ಹೇಳಿದರೆ ಪೇಟೆಯಲ್ಲಿ ನಷ್ಟ ಆಗುವುದು ಗಿರಾಕಿಗೆ. ಅಣುಬಾಂಬಿನ ಪೇಟೆಯಲ್ಲಿ ಗಿರಾಕಿಗಳು ಅಂದರೆ ಹಿರೋಷಿಮಾ, ನಾಗಸಾಕಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ, ಶಾಲೆಗೆ ಹೊರಟಿದ್ದ ಜನ. ಅವರಿಗೆ ಯಾವ ತಕ್ಕಡಿಯ ವಿಷಯವೂ ಗೊತ್ತಿರಲಿಲ್ಲ. ಎಲ್ಲ ಅಂಗಡಿಯ ತಕ್ಕಡಿಗೂ ಒಂದೇ ಮುದ್ರೆ ಬೀಳುವ ದಿನದವರೆಗೆ ಬಾಂಬಿನ ಹಬ್ಬುವಿಕೆಯನ್ನು ನಿಧಾನ ಮಾಡಬಹುದು, ಅಲ್ಲಲ್ಲಿ ನಿಲ್ಲಿಸಲೂಬಹುದು, ಪೂರ್ತಿ ತಡೆಯಲು ಮಾತ್ರ ಆಗುವುದಿಲ್ಲ. ಆ ದಿನ ಬರಬೇಕಾದರೆ ಮೊದಲು ತಕ್ಕಡಿ ಮುಂದಿಡಬೇಕಾದವರು ಅತಿ ಹೆಚ್ಚು ತೂಕ ಇಟ್ಟುಕೊಂಡವರೇ.